ಎಲೆ ತುದಿಯ ಉಪ್ಪಿನಕಾಯಿ

‘ಸುಧಾ’ ಬಂದ ದಿನ ನಮ್ಮನೆಯಲ್ಲಿ ಫ್ಯಾಂಟಮ್ ಕಾಮಿಕ್ಸ್ ಪುಟಕ್ಕೆ ಜಗಳ. ಅಕ್ಕ ಮೊದಲು ಓದಬೇಕು, ನಾನು ಅವಳ ಹೆಗಲ ಮೇಲಿಂದ ಇಣುಕಬೇಕು. ಆಫ್ರಿಕಾದ ಕಾಡು, ತಲೆಬುರುಡೆಯ ಗುಹೆ, ಇಪ್ಪತ್ತೊಂದು ತಲೆಮಾರಿನಿಂದ ಅಲ್ಲಿ ನ್ಯಾಯ ಕಾಯುವ ಬಿಳಿಯ. ಬಾಣ ಹಿಡಿದು ಅವನ ಬಾಗಿಲು ಕಾಯುವ ಕುಳ್ಳ ಕಾಡುಜನ. ಇಂಗ್ಲಿಷಿನ ಮೂಲದಲ್ಲಿ ಅವನ ವಂಶದ ಶತ್ರುಗಳಾದ ಕಡಲ್ಗಳ್ಳರ ಹೆಸರು ‘ಸಿಂಗ್’ ಅಂತೆ, ಅದು ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಆ ಕಾಡುಜನರ ಪೈಕಿ ಅವನ ಗೆಳೆಯ ಗುರಾನ್‌ಗೆ ಯಾವತ್ತಾದರೂ ಫ್ಯಾಂಟಮ್ ಮೇಲೆ ಸಿಟ್ಟು ಬಂದಿತ್ತಾ? ಆ ವಯಸ್ಸಿನಲ್ಲಿ ಅಂಥ ಪ್ರಶ್ನೆಯೇ ಹುಟ್ಟಲಿಲ್ಲ.

ಇದೆಲ್ಲ ಈಗ ನೆನಪಾಗಿದ್ದು ಗೆಳೆಯನೊಬ್ಬನ ಮಾತಿನಿಂದ. ಅಮೆರಿಕದ ಕಾಮಿಕ್ಸ್ ಕಂಪನಿ ಮಾರ್ವೆಲ್‌ನವರ ಹೊಸ ಹೀರೋಗಳ ಪಟ್ಟಿ ನೋಡಿ, “ಕಾಮಿಕ್ಸ್‌ಗೂ ಮೀಸಲಾತಿ ಬಂತಲ್ಲಪ್ಪ” ಅಂದ. ಆ ‘ಮೀಸಲಾತಿ’ ಅನ್ನೋ ಪದವನ್ನು ಅವನು ಉಚ್ಚರಿಸಿದ ಧಾಟಿಗೆ ಬೇರೆಯೇ ಪೋಸ್ಟ್ ಬರೆಯಬೇಕು, ಇರಲಿ. ಅವನ ಮಾತಿನಲ್ಲಿ ಒಂದು ಚೂರು ನಿಜವಿದೆ. ಎಲೆ ತುದಿಗೆ ಉಪ್ಪಿನಕಾಯಿ ಬಡಿಸಿದ ಹಾಗೆ, ಎಲ್ಲರ ನಡುವೆ ಒಬ್ಬ ಕಪ್ಪು ಹುಡುಗನನ್ನೋ ಒಬ್ಬ ಮುಸ್ಲಿಂ ಹುಡುಗಿಯನ್ನೋ ಕೂರಿಸಿ ಕೈ ತೊಳೆದುಕೊಳ್ಳುವುದುಂಟು.

ಇದನ್ನು ನನಗಿಂತ ಚೆನ್ನಾಗಿ ಕಂಡವರು ಡ್ವೇನ್ ಮೆಕ್‌ಡಫಿ. 1989ರಲ್ಲಿ ಮಾರ್ವೆಲ್‌ನಲ್ಲಿ ಕೆಲಸ ಮಾಡುತ್ತಿದ್ದ ಈ ಕಪ್ಪು ಲೇಖಕ ಕಂಪನಿಯವರಿಗೆ ಒಂದು ಕುಚೋದ್ಯದ ಪ್ರಸ್ತಾಪ ಬರೆದುಕೊಟ್ಟರು. ನಮ್ಮ ಕಪ್ಪು ಹೀರೋಗಳಲ್ಲಿ ಕಾಲುಭಾಗದವರ ಶಕ್ತಿ ಸ್ಕೇಟ್‌ಬೋರ್ಡಿನಲ್ಲೇ ಇದೆಯಲ್ಲ, ಹಾಗಾದರೆ ಸ್ಕೇಟ್ ಮಾಡುವ ಕಪ್ಪು ಹುಡುಗರದ್ದೇ ಒಂದು ತಂಡ ಕಟ್ಟೋಣ ಅಂತ! ನಗು ಬರುತ್ತದೆ, ಆಮೇಲೆ ಚುಚ್ಚುತ್ತದೆ. 1966ರಲ್ಲೇ ಮಾರ್ವೆಲ್‌ನ ಕಪ್ಪು ಹೀರೋ ಬ್ಲ್ಯಾಕ್ ಪ್ಯಾಂಥರ್ ಬಂದಿದ್ದ, ರಾಜ, ವಿಜ್ಞಾನಿ. ಇಪ್ಪತ್ತಮೂರು ವರ್ಷ ಕಳೆದ ಮೇಲೂ ಗತಿ ಇದು.

1993ರಲ್ಲಿ ಮೆಕ್‌ಡಫಿ ಮತ್ತು ಗೆಳೆಯರು ಸೇರಿ ‘ಮೈಲ್‌ಸ್ಟೋನ್’ ಅನ್ನೋ ತಮ್ಮದೇ ಕಾಮಿಕ್ಸ್ ಕಂಪನಿ ಶುರು ಮಾಡಿದರು. ಅದರ ‘ಐಕಾನ್’ ಕಾಮಿಕ್ಸ್ ನನಗೆ ಬಹಳ ಇಷ್ಟ. 1839ರಲ್ಲಿ ಅಮೆರಿಕದ ದಕ್ಷಿಣಕ್ಕೆ ಬಂದುಬಿದ್ದ ಅನ್ಯಗ್ರಹದವನೊಬ್ಬ ಗುಲಾಮ ಹೆಂಗಸಿನ ಕೈಗೆ ಸಿಗುತ್ತಾನೆ, ಕಪ್ಪು ಮಗುವಿನ ರೂಪ ತಾಳುತ್ತಾನೆ. ನಮ್ಮ ಕಾಲಕ್ಕೆ ಅವನು ಸಿರಿವಂತ ವಕೀಲ. ಬಡವರು ತಮ್ಮ ಕಾಲ ಮೇಲೆ ತಾವೇ ನಿಲ್ಲಬೇಕು ಅಂತ ಉಪದೇಶ ಮಾಡುವ ಆಸಾಮಿ. ಬಡವರ ಬಡಾವಣೆಯ ಹುಡುಗಿ ರಕೆಲ್ ಬಂದು, ಇಷ್ಟೆಲ್ಲ ಶಕ್ತಿ ಇಟ್ಟುಕೊಂಡು ಸುಮ್ಮನೆ ಕೂತಿದ್ದೀಯಲ್ಲ ಎಂದು ಜಗ್ಗುತ್ತಾಳೆ. ಅವನ ಜೋಡಿಯಾಗಿ ಹಾರುತ್ತಾಳೆ, ಮುಂದೆ ಮದುವೆಯಿಲ್ಲದೆ ತಾಯಿಯೂ ಆಗುತ್ತಾಳೆ. ಇಬ್ಬರೂ ಕಪ್ಪು ಜನರೇ, ಯಾವ ವಿಷಯಕ್ಕೂ ಒಮ್ಮತವಿಲ್ಲ. ಕಥೆಯಲ್ಲಿ ಒಬ್ಬನೇ ಕಪ್ಪು ಮನುಷ್ಯ ಇದ್ದರೆ ಅವನು ಇಡೀ ಸಮುದಾಯದ ವಕಾಲತ್ತು ಹೊರಬೇಕು. ಅವನು ತಪ್ಪು ಮಾಡುವ ಹಾಗಿಲ್ಲ, ಜಿಪುಣನಾಗುವ ಹಾಗಿಲ್ಲ. ಹತ್ತು ಜನ ಇದ್ದಾಗ ಒಬ್ಬ ಪೆದ್ದನಾದರೂ ನಡೆಯುತ್ತದೆ. 1997ಕ್ಕೆ ಮೈಲ್‌ಸ್ಟೋನ್ ಕಾಮಿಕ್ಸ್ ನಿಂತುಹೋದವು ಅನ್ನೋದು ಬೇಜಾರಿನ ಸಂಗತಿ.

2014ರಲ್ಲಿ ‘ಮಿಸ್ ಮಾರ್ವೆಲ್’ ಆಗಿ ಬಂದ ಕಮಲಾ ಖಾನ್ ಗೆದ್ದದ್ದೂ ಇದೇ ಗುಟ್ಟಿನಿಂದ ಅಂತ ನನ್ನ ಲೆಕ್ಕ. ಜೆರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಹದಿನಾರರ ಹುಡುಗಿ. ಮೊದಲ ಪುಟದಲ್ಲೇ ಅಂಗಡಿಯಲ್ಲಿ ನಿಂತು, ತಾನು ತಿನ್ನಬಾರದ ಹಂದಿಮಾಂಸದ ವಾಸನೆಯನ್ನು ಆಸೆಯಿಂದ ಮೂಸುತ್ತಾಳೆ. ಅಣ್ಣ ಆಮಿರ್‌ಗೆ ಹೊತ್ತುಹೊತ್ತಿಗೂ ನಮಾಜು, ಕೆಲಸ ಮಾತ್ರ ಇಲ್ಲ ಅಂತ ಅಪ್ಪನ ಗೊಣಗಾಟ. ಗೆಳತಿ ನಾಕಿಯಾ ತಲೆಗೆ ಬಟ್ಟೆ ಕಟ್ಟುವುದು ತನ್ನಿಷ್ಟದಿಂದ, ತೆಗೆದರೆ ಸಾಕು ಅನ್ನುವವನು ಅವಳ ಅಪ್ಪ. ಒಂದೇ ಕಥೆಯಲ್ಲಿ ಇಷ್ಟು ತರದ ಮುಸ್ಲಿಮರು! ಶಕ್ತಿ ಬಂದ ಕೂಡಲೇ ಕಮಲಾ ಏನಾಗುತ್ತಾಳೆ ಗೊತ್ತಾ? ತಾನು ಆರಾಧಿಸುವ ಹೊಂಬಣ್ಣದ ಕೂದಲಿನ ಬಿಳಿ ಹೀರೋ ಕ್ಯಾರಲ್ ಡ್ಯಾನ್ವರ್ಸ್ ಥರಾನೇ. ಆದರೆ ಕೂದಲು ಕಣ್ಣಿಗೆ ಅಡ್ಡ ಬರುತ್ತದೆ, ಉಡುಪು ಕಚ್ಚುತ್ತದೆ. ಬರೆದ ಜಿ. ವಿಲೋ ವಿಲ್ಸನ್, ಸಂಪಾದಿಸಿದ ಸನಾ ಅಮಾನತ್ ಇಬ್ಬರೂ ಮುಸ್ಲಿಂ ಹೆಂಗಸರು. ಆ ಮೊದಲ ಸಂಪುಟಕ್ಕೆ 2015ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು, ವೈಜ್ಞಾನಿಕ ಮತ್ತು ಅದ್ಭುತ ಕಥೆಗಳಿಗೆ ಕೊಡುವಂಥದ್ದು.

ನಮ್ಮ ದೇಶದ ಪ್ರಯತ್ನ ಹೇಗಿತ್ತು ಅಂತಲೂ ಹೇಳಿಬಿಡಲೇ? 2004ರ ಭಾರತೀಯ ಸ್ಪೈಡರ್‌ಮ್ಯಾನ್. ಪೀಟರ್ ಪಾರ್ಕರ್ ಹೋಗಿ ಪವಿತ್ರ್ ಪ್ರಭಾಕರ್, ಮೇರಿ ಜೇನ್ ಹೋಗಿ ಮೀರಾ ಜೈನ್, ಸೊಂಟಕ್ಕೆ ಪಂಚೆ. ಶಕ್ತಿ ಕೊಡುವುದು ಜೇಡವಲ್ಲ, ಯೋಗಿ. ಹೆಸರು ಬದಲಾಯಿಸಿದ್ದು ಬಿಟ್ಟರೆ ಹೆಚ್ಚಿನ ಶ್ರಮವೇನೂ ನನಗೆ ಕಾಣಲಿಲ್ಲ.

“ಇಂಥವು ಮಾರಾಟವಾಗಲ್ಲ” ಅನ್ನೋ ರಾಗ ಇನ್ನೊಂದು. 2017ರಲ್ಲಿ ಮಾರ್ವೆಲ್‌ನ ಮಾರಾಟ ವಿಭಾಗದ ಹಿರಿಯರೊಬ್ಬರೇ, ಅಂಗಡಿಯವರು ಹಾಗನ್ನುತ್ತಿದ್ದಾರೆ ಅಂತ ಹೇಳಿ ಗದ್ದಲವೆದ್ದಿತ್ತು. ಅಮೆರಿಕದ ಕಾಮಿಕ್ಸ್ ಅಂಗಡಿಯವನು ತಿಂಗಳುಗಟ್ಟಲೆ ಮೊದಲೇ ಆರ್ಡರ್ ಕೊಡಬೇಕು. ಉಳಿದರೆ ಸಾಮಾನ್ಯವಾಗಿ ವಾಪಸ್ ತಗೊಳ್ಳಲ್ಲ, ನಷ್ಟ ಅವನದೇ. ಅವನು ಹಳೇ ಬ್ಯಾಟ್‌ಮ್ಯಾನ್‌ನನ್ನೇ ನೆಚ್ಚಿಕೊಂಡರೆ ತಪ್ಪು ಹುಡುಕಲಾರೆ. ಆದರೆ ಆ ಅಂಗಡಿಗೆ ಕಾಲೇ ಇಡದ ಹುಡುಗಿಯರು ಲೈಬ್ರರಿಯಲ್ಲಿ, ಸಾಮಾನ್ಯ ಪುಸ್ತಕದಂಗಡಿಯಲ್ಲಿ ಏನು ಹುಡುಕುತ್ತಾರೆ ಅನ್ನೋದು ಅವನ ಲೆಕ್ಕದ ಪುಸ್ತಕದಲ್ಲಿ ಬರುವುದಿಲ್ಲ.

ಕಮಲಾಳ ಮೊದಲ ಸಂಪುಟವನ್ನು ಅಕ್ಕನ ಮಗಳಿಗೆ ಕೊಟ್ಟಿದ್ದೆ. ಹನ್ನೆರಡು ವರ್ಷ. ಅವಳಿಗೆ ಬಹಳ ಹಿಡಿಸುತ್ತೆ ಅಂದುಕೊಂಡು ಒಂದು ವಾರ ಕಾದೆ.

“ಮಾಮ, ಕಮಲಾ ಸುಮ್‌ಸುಮ್ನೆ ತಲೆ ಕೆಡಿಸ್ಕೋತಾಳೆ. ನಂಗೆ ನಾಕಿಯಾನೇ ಇಷ್ಟ. ಎರಡನೇದು ಯಾವಾಗ ತರ್ತೀಯಾ?”