ಬಸುರಿಯ ಬುತ್ತಿ: ಏನು ಕಟ್ಟಬೇಕು, ಏನು ಮನೆಯಲ್ಲೇ ಬಿಡಬೇಕು

ಸ್ಕ್ಯಾನಿಂಗಿಗೆಂದು ಮಡಿಕೇರಿಯಿಂದ ಮೈಸೂರಿಗೆ ಹೊರಟ ಬಸುರಿಗೆ ಮನೆಯಲ್ಲಿ ತಲೆಗೊಂದು ಮಾತು. ಪಪ್ಪಾಯಿ ಮುಟ್ಟಬೇಡ, ಎಳ್ಳು ಉಷ್ಣ, ಅನಾನಸು ಬೇಡವೇ ಬೇಡ. ಆದರೆ ಬೆಳಿಗ್ಗೆ ಆರಕ್ಕೆ ಬಿಸಿಬಿಸಿಯಾಗಿ ಡಬ್ಬಿಗೆ ತುಂಬಿದ ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ) ಮಧ್ಯಾಹ್ನ ಒಂದಕ್ಕೆ ಹೇಗಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ಯಾವ ಪದಾರ್ಥ ಎನ್ನುವುದಕ್ಕಿಂತ ಅದು ಎಷ್ಟು ಹೊತ್ತು, ಎಷ್ಟು ಬಿಸಿಯಲ್ಲಿ ಕೂತಿತ್ತು ಎನ್ನುವುದು ಮುಖ್ಯ ಎಂಬುದೇ ನನ್ನ ವಾದ.

ಲೆಕ್ಕ ಸರಳ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಹೆಚ್ಚುತ್ತವೆ. ಬೇಯಿಸಿದ, ತೇವಾಂಶವಿರುವ ಅಡುಗೆ ಆ ನಡುವಿನಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು; ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಮಡಿಕೇರಿಯ ಚಳಿ ನೋಡಿ ‘ಏನೂ ಆಗಲ್ಲ’ ಅನ್ನುತ್ತೇವೆ. ಕುಶಾಲನಗರಕ್ಕೆ ಇಳಿದು ಹುಣಸೂರು ದಾಟುವಷ್ಟರಲ್ಲಿ ಹವೆಯೇ ಬೇರೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗಂತೂ ಕೇಳುವುದೇ ಬೇಡ.

ಕಡಂಬುಟ್ಟನ್ನೇ ನೋಡಿ. ಬಿಸಿ ಉಂಡೆಗಳ ಮೇಲೆ ಮುಚ್ಚಳ ಬಿಗಿದರೆ ಹಬೆ ನೀರಾಗಿ ಮುಚ್ಚಳದಡಿ ಹನಿಗಟ್ಟುತ್ತದೆ, ಹನಿ ಕೆಳಗಿಳಿದು ತಳದ ಉಂಡೆಗಳು ಲೋಳೆಯಾಗುತ್ತವೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಬೆಂದರೂ ಸಾಯುವುದಿಲ್ಲ. ಬೆಚ್ಚಗಿನ ಒದ್ದೆಯಲ್ಲಿ ಮೊಳೆತು ಅವು ಬಿಡುವ, ವಾಂತಿ ತರಿಸುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ದೂರದ ದಾರಿಗೆ ಅಕ್ಕಿ ಒಟ್ಟಿಯೇ, ಅಂದರೆ ಕೊಡಗಿನ ಅಕ್ಕಿ ರೊಟ್ಟಿಯೇ ಮೇಲು. ಕೆಂಡದ ಮೇಲೋ ಕಾವಲಿಯ ಮೇಲೋ ಚೆನ್ನಾಗಿ ಒಣಗುವಂತೆ ಸುಟ್ಟು, ಒಂದರ ಮೇಲೊಂದು ಪೇರಿಸದೆ ಬಟ್ಟೆಯ ಮೇಲೆ ಹರಡಿ, ಪೂರ್ತಿ ಆರಿದ ಮೇಲೆ ಸುತ್ತಿ. ಒಟ್ಟಿಗೂ ಅನ್ನ ಸೇರಿಸಿ ನಾದಿರುತ್ತಾರಾದ್ದರಿಂದ ಅದನ್ನು ಸಂಜೆಯವರೆಗೆ ಉಳಿಸುವುದಲ್ಲ, ದಾರಿಯ ಮೊದಲ ಊಟಕ್ಕೇ ಮುಗಿಸುವುದು. ಜೊತೆಗೆ ಚಟ್ನಿಪುಡಿ, ತುಪ್ಪ ಸಾಕು. ತೆಂಗಿನಕಾಯಿ ಚಟ್ನಿ ಮನೆಯಲ್ಲೇ ಇರಲಿ.

ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು ಬೇಡವೇ? ಬೇಡವೆಂದೇನಿಲ್ಲ. ಆದರೆ ತುಂಡಿನ ನಡುವೆ ಗುಲಾಬಿ ಬಣ್ಣ ಉಳಿದಿದ್ದರೆ ಬಸುರಿ ಮುಟ್ಟಬಾರದು. ಅರೆಬೆಂದ ಹಂದಿ ಮಾಂಸದಿಂದ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಸೋಂಕು ಬರಬಹುದು, ಅದು ಮಗುವಿಗೂ ತಲುಪಬಹುದು. ಥರ್ಮಾಮೀಟರ್ ಇದ್ದರೆ ದೊಡ್ಡ ತುಂಡಿನ ಒಳಗೆ 71 ಡಿಗ್ರಿ ದಾಟಿರಬೇಕು. ಕಾಚಂಪುಳಿ (ಕೊಡಗಿನ ಗಟ್ಟಿ ಹುಳಿರಸ) ಹಾಕಿದ್ದೇವಲ್ಲ, ಕೆಡುವುದಿಲ್ಲ ಎಂಬ ಧೈರ್ಯ ಪ್ರಯಾಣಕ್ಕೆ ಸಾಲದು. ಒಯ್ಯುವುದಾದರೆ ಅಗಲ ಬಾಯಿಯ ಫ್ಲಾಸ್ಕಿಗೆ ಮೊದಲು ಕುದಿನೀರು ತುಂಬಿ ಹತ್ತು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಕುದಿಯುತ್ತಿರುವ ಕರಿಯನ್ನು ಕತ್ತಿನವರೆಗೆ ತುಂಬಿ. ತೆರೆದಾಗ ಹಬೆ ಏಳದಿದ್ದರೆ ತಿನ್ನಬೇಡಿ. ಅರ್ಧ ತುಂಬಿದ ಫ್ಲಾಸ್ಕ್ ಬೇಗ ತಣಿಯುತ್ತದೆ, ಎಡವಟ್ಟಾಗುವುದು ಅಲ್ಲೇ.

ಮೊಸರನ್ನ ಹುಳಿಯಾಗದಿರಲಿ ಎಂದು ಹಾಲು ಜಾಸ್ತಿ ಹಾಕಿ ಒಂದು ಚಮಚ ಮೊಸರು ಬೆರೆಸುವ ರೂಢಿಯಿದೆ. ಬಸುರಿಗೆ ಅದು ಬೇಡ, ಕೆಡದಂತೆ ಕಾಯುವುದೇ ಆ ಹುಳಿ. ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಪೂರ್ತಿ ತಣ್ಣನೆಯ ಮೊಸರಲ್ಲೇ ಕಲಸಿ, ಐಸ್‌ಪ್ಯಾಕ್ ಜೊತೆ ಇಡಿ. ಐಸ್‌ಪ್ಯಾಕ್ ಇಲ್ಲವೆಂದರೆ ಮೊಸರನ್ನವೂ ಎರಡು ಗಂಟೆಯ ಲೆಕ್ಕಕ್ಕೇ ಸೇರಿತು.

ನಡುನಡುವೆ ಬಾಯಾಡಿಸಲು ಹುರಿದ ಕಡಲೆಕಾಯಿ, ಹುರಿಗಡಲೆ, ಖರ್ಜೂರ, ಬಾಳೆಹಣ್ಣು, ನೀವೇ ಕೈತೊಳೆದು ಸುಲಿಯುವ ಕಿತ್ತಳೆ. ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಖಾಲಿ ಹೊಟ್ಟೆಯಲ್ಲೂ ಹೊರಡಬಾರದು, ಹೊಟ್ಟೆ ಬಿರಿಯ ತಿಂದೂ ಹೊರಡಬಾರದು; ಎರಡು ಗಂಟೆಗೊಮ್ಮೆ ಒಂದು ಹಿಡಿ ಒಣತಿಂಡಿ ಸಾಕು. ಪ್ರವಾಸಿ ತಾಣಗಳಲ್ಲಿ ಉಪ್ಪುಖಾರ ಹಚ್ಚಿ ಮಾರುವ ಹೆಚ್ಚಿದ ಅನಾನಸು ಬೇಡ. ತೊಂದರೆ ಉಷ್ಣದ್ದಲ್ಲ, ಚಾಕು ಮತ್ತು ನೀರಿನದು. ಹೋಂಮೇಡ್ ವೈನ್ ‘ಹಣ್ಣಿನ ರಸವಷ್ಟೇ’ ಎಂದು ಯಾರು ಹೇಳಿದರೂ ಅದರಲ್ಲಿ ಆಲ್ಕೋಹಾಲ್ ಇದೆ, ಒಂದು ಗುಟುಕೂ ಬೇಡ.

ಕಾಫಿ ವಿಷಯಕ್ಕೆ ಕೊಡಗಿನಲ್ಲಿ ಜಗಳವೇ ಆಗಬಹುದು! ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮೀರದಿರಲಿ ಎನ್ನುವುದು ವೈದ್ಯರ ಸಾಮಾನ್ಯ ಸಲಹೆ. ರೋಬಸ್ಟಾದಲ್ಲಿ ಅರೇಬಿಕಾಗಿಂತ ಸುಮಾರು ಎರಡರಷ್ಟು ಕೆಫೀನ್ ಇರುವುದರಿಂದ ತೋಟದ ಮನೆಯ ಗಟ್ಟಿ ಡಿಕಾಕ್ಷನ್ನನ್ನು ಲೋಟದ ಲೆಕ್ಕದಲ್ಲಿ ಅಳೆಯಲಾಗದು. ಕಬ್ಬಿಣದ ಮಾತ್ರೆಗೂ ಕಾಫಿಗೂ ಒಂದೆರಡು ಗಂಟೆ ಅಂತರವಿರಲಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯ ಜೊತೆ ನುಂಗಬೇಡಿ.

ಶೌಚಾಲಯ ಸಿಗುವುದಿಲ್ಲವೆಂದು ನೀರನ್ನೇ ಬಿಡುವವರು ಬಹಳ. ಮೂತ್ರನಾಳದ ಸೋಂಕಿಗೆ ಅದೇ ದಾರಿ. ಕುದಿಸಿ ಆರಿಸಿದ ನೀರು ಜೊತೆಗಿರಲಿ, ಬಸ್ ನಿಂತಲ್ಲಿ ನಾಚದೆ ಇಳಿಯಿರಿ.

ಊರಿಗೆ ಬಂದ ಮೇಲೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವ ಜ್ವರ ಬಂದರೆ ಅಥವಾ ಮಗುವಿನ ಚಲನೆ ಕಡಿಮೆ ಅನ್ನಿಸಿದರೆ ಕಷಾಯ ಕುಡಿದು ಕಾಯುವುದು ಬೇಡ, ಅದೇ ದಿನ ಆಸ್ಪತ್ರೆಗೆ ಹೋಗಿ. ಆಹಾರದಿಂದ ಬರುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು ತಾಯಿಗೆ ಬರೀ ಮೈಕೈ ನೋವಿನಂತೆ ಕಂಡು ಮಗುವಿಗೆ ಕುತ್ತಾಗಬಹುದು, ತಿಂದು ವಾರಗಳಾದ ಮೇಲೂ ಕಾಣಿಸಿಕೊಳ್ಳಬಹುದು. ಆದ್ದರಿಂದ ಹಿಂದಿನ ತಿಂಗಳು ಎಲ್ಲಿ ಏನು ತಿಂದಿರಿ ಎನ್ನುವುದನ್ನೂ ವೈದ್ಯರಿಗೆ ಹೇಳಿ.