ಡೆಂಗಿ ಸೊಳ್ಳಿ ಹಗಲಿನ್ಯಾಗ ಕಡಿತೈತ್ರಿ
ನಿಮ್ಮ ಲೇಖನದಾಗ ಬಸರಿ ಹೆಣ್ಮಕ್ಳಿಗೆ ಡೆಂಗಿ, ಝೀಕಾ ವೈರಸ್ ಜ್ವರ ಅಪಾಯ ಅಂತ ಬರ್ದೀರಿ, ಖರೇ ಐತಿ, ಆದ್ರ ರಾತ್ರಿ ಸೊಳ್ಳಿ ಪರದಿ ಕಟ್ರಿ ಅಂದಷ್ಟಕ್ಕ ಬಿಟ್ಟೀರಿ, ಇವೆರಡನ್ನೂ ಹಬ್ಬಸೂ ಈಡಿಸ್ ಸೊಳ್ಳಿ ಕಡಿಯೂದು ಹೆಚ್ಚಾಗಿ ಹಗಲೊತ್ತು. ನಮ್ಮ ವಿಜಯಪುರದಾಗ ನಳಾ ದಿನಾ ಬರೂದಿಲ್ಲ, ಬ್ಯಾರಲ್ ತುಂಬಿ ಇಡಾಕ ಬೇಕು. ತಂಗಿ ಚೊಚ್ಚಲ ಹೆರಿಗಿಗೆ ಬಂದಾಗ ಬಚ್ಚಲ ಬಾಜೂಕಿನ ಬ್ಯಾರಲ್‌ನ್ಯಾಗ ಮೊಬೈಲ್ ಟಾರ್ಚ್ ಬಿಟ್ಟು ನೋಡಿದ್ರ ಸೊಳ್ಳಿ ಮರಿಹುಳ ಮಿಜಿಮಿಜಿ ಅಂತಿದ್ವು! ಅವತ್ತ ಅವ್ವನ ಹಳೇ ಇಳಕಲ್ ಸೀರಿ ಹರದು ಬ್ಯಾರಲ್ ಬಾಯಿಗೆ ಬಿಗದ್ವಿ, ವಾರಕ್ಕೊಮ್ಮೆ ಬ್ಯಾರಲ್ ತಿಕ್ಕಿ ಒಣಗಸ್ತೀವಿ, ಸೀರಿ ಸಲುವಾಗಿ ಅವ್ವ ಇನ್ನೂ ಬೈತಾಳ. ಝೀಕಾ ಲೈಂಗಿಕ ಸಂಪರ್ಕದಾಗ ಗಂಡನಿಂದನೂ ಹತ್ತಬಹುದು, ಅವಂಗ ಜ್ವರ ಬರದಿದ್ರೂ, ಅದನ್ನ ಬರೀಲೇ ಇಲ್ಲಲ್ರಿ. ಝೀಕಾ 2022ರಾಗ ನಮ್ಮ ರಾಯಚೂರು ಜಿಲ್ಲಾದಾಗೇ ಸಿಕ್ಕಿತ್ತು. ಮತ್ತ ಜ್ವರ ಬಂತಂತ ಮೆಡಿಕಲ್‌ನ್ಯಾಗ ಐಬುಪ್ರೊಫೆನ್ ಗುಳಿಗಿ ತಂದು ನುಂಗಬ್ಯಾಡ್ರವ್ವಾ, ಡೆಂಗಿ ಇದ್ರ ರಕ್ತ ಸೋರೂ ಅಪಾಯ ಹೆಚ್ಚಾಗತೈತಿ.