ಷರಾ: ಪ್ರಗತಿಯಲ್ಲಿದೆ

ಫೋಟೊದ ಫೋಟೊ ತೆಗೆಯಬೇಡಿ ಎಂದು ಹೇಳಲು ದಿಲ್ಲಿಯಿಂದಲೇ ಸುತ್ತೋಲೆ ಬರಬೇಕಾಯಿತು. 2025ರ ಜುಲೈ 8ರ ಆ ಸುತ್ತೋಲೆ ನಿಮಗೆ ನೆನಪಿರುತ್ತದೆ. ನರೇಗಾ ಕೂಲಿಕಾರರ ಹಾಜರಿಗೆಂದು ಎನ್‌ಎಂಎಂಎಸ್ ಆ್ಯಪಿಗೆ ಏರಿಸಿದ ಚಿತ್ರಗಳನ್ನು ಗ್ರಾಮೀಣಾಭಿವೃದ್ಧಿ ಸಚಿವಾಲಯ ಕೊನೆಗೂ ತೆರೆದು ನೋಡಿತ್ತು. ಕೆಲಸಕ್ಕೂ ತಮಗೂ ಸಂಬಂಧವೇ ಇಲ್ಲದ ಚಿತ್ರಗಳು. ಹಳೇ ಫೋಟೊವನ್ನು ಮುಂದಿಟ್ಟುಕೊಂಡು ಕ್ಲಿಕ್ಕಿಸಿದ ‘ಲೈವ್’ ಫೋಟೊಗಳು. ಹಲವು ಹಾಜರಿ ಪಟ್ಟಿಗಳಲ್ಲಿ ಅದೇ ಗುಂಪು, ಅದೇ ನಗು. ಚಿತ್ರದಲ್ಲಿ ಗಂಡಸರು, ಪಟ್ಟಿಯಲ್ಲಿ ಹೆಂಗಸರು. ಆ್ಯಪ್ ಬಂದದ್ದು 2021ರ ಮೇ ತಿಂಗಳಲ್ಲಿ, ವೈಯಕ್ತಿಕ ಫಲಾನುಭವಿಗಳ ಕಾಮಗಾರಿ ಬಿಟ್ಟು ಉಳಿದೆಲ್ಲಕ್ಕೂ ಕಡ್ಡಾಯವಾದದ್ದು 2023ರ ಜನವರಿ 1ರಿಂದ. ಅಷ್ಟು ಕಾಲ ಡ್ಯಾಶ್‌ಬೋರ್ಡಿಗೆ ಬೇಕಿದ್ದದ್ದು ಫೋಟೊ ಏರಿತೋ ಇಲ್ಲವೋ ಎಂಬುದಷ್ಟೇ. ಫೋಟೊದೊಳಗೆ ಏನಿದೆ ಎಂಬ ಕಾಲಂ ನಮೂನೆಯಲ್ಲಿ ಇರಲೇ ಇಲ್ಲವಲ್ಲ ಸ್ವಾಮಿ!

ಪರಿಹಾರವೂ ಸೊಗಸಾಗಿತ್ತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಶೇ. 100ರಷ್ಟು ಫೋಟೊಗಳನ್ನು ಮನುಷ್ಯರೇ ಕಣ್ಣಿಟ್ಟು ಪರಿಶೀಲಿಸಬೇಕು. ಮನುಷ್ಯ ಬರೆದ ಹಾಜರಿಯನ್ನು ನಂಬಲಾಗದೆಂದು ಆ್ಯಪ್ ತಂದವರು, ಆ್ಯಪನ್ನು ನಂಬಲಾಗದೆಂದು ಮತ್ತೆ ಮನುಷ್ಯನ ಬಾಗಿಲಿಗೇ ಬಂದರು. ಕರ್ನಾಟಕದಲ್ಲಿ ಆ ಮನುಷ್ಯರ ಪೈಕಿ ಗುತ್ತಿಗೆಯವರು ಅದೇ ಜುಲೈನಲ್ಲಿ, ಆರು ತಿಂಗಳ ಸಂಬಳ ಬಂದಿಲ್ಲವೆಂದು ಕೆಲಸ ನಿಲ್ಲಿಸಿ ಕೂತಿದ್ದರು.

ಇಂಥ ಸಂಖ್ಯೆಗಳು ಹರಿದು ಹೋಗಿ ಸೇರುವ ಕಡಲಿನ ದಡದಲ್ಲಿ ಒಬ್ಬ ಮಹಾನುಭಾವರು ಕುಳಿತಿರುತ್ತಾರೆ. ಹುದ್ದೆಯ ಹೆಸರು ‘ಹಿರಿಯ ದತ್ತಾಂಶ ವರದಿ ವಿಶ್ಲೇಷಕ’. ಹಿರಿಯ ಎಂದರೆ ಹನ್ನೊಂದು ತಿಂಗಳ ಗುತ್ತಿಗೆ ಮೂರನೇ ಸಲ ನವೀಕರಣಗೊಂಡಿದೆ ಎಂದರ್ಥ. ದತ್ತಾಂಶ ಎಂದರೆ ಕಂಪ್ಯೂಟರ್ ಪರದೆಯನ್ನು ಮೊಬೈಲಿನಲ್ಲಿ ಓರೆಯಾಗಿ ಹಿಡಿದು ವಾಟ್ಸ್ಯಾಪ್ ಮಾಡಿದ ಚಿತ್ರ. ಫೋಟೊದ ಫೋಟೊ ಕೂಲಿಕಾರರಿಗೆ ಮಾತ್ರ ನಿಷಿದ್ಧ. ವರದಿ ಎಂದರೆ ಅಡ್ಡ ಮಲಗಿಸಿದ ಎ3 ಹಾಳೆ, 32 ಕಾಲಂ, ಅಕ್ಷರದ ಗಾತ್ರ ಆರು. ವಿಶ್ಲೇಷಕ ಎಂಬ ಪದಕ್ಕೆ ಅರ್ಥ ಹುಡುಕುವ ಕೆಲಸ ಇನ್ನೂ ಪ್ರಗತಿಯಲ್ಲಿದೆ.

ಅವರ ಕಸುಬನ್ನು ಹಗುರವಾಗಿ ನೋಡಬೇಡಿ. ಬೆಳಿಗ್ಗೆ ‘ಅತಿ ಜರೂರು’ ಎಂಬ ಸಂದೇಶ ಬರುತ್ತದೆ. ಮೂರು ಗಂಟೆಗೆ ವಿಡಿಯೊ ಸಂವಾದ, ಅಷ್ಟರೊಳಗೆ 31 ಜಿಲ್ಲೆಗಳ ಕ್ರೋಡೀಕೃತ ಮಾಹಿತಿ ಬೇಕು. ‘ತಪ್ಪಿದಲ್ಲಿ ತಾವೇ ನೇರ ಹೊಣೆ.’ ಒಂದೂವರೆಯ ಹೊತ್ತಿಗೆ ಅರ್ಧ ಜಿಲ್ಲೆಗಳ ಕಡತ ಬಂದಿರುತ್ತದೆ. ಒಬ್ಬರು ಪಿಡಿಎಫ್ ಕಳಿಸಿದ್ದಾರೆ. ಒಬ್ಬರು ಕೊಟ್ಟ ನಮೂನೆಯ ನಡುವೆ ತಮ್ಮದೇ ಒಂದು ಕಾಲಂ ತುರುಕಿದ್ದಾರೆ. ಅಲ್ಲಿಂದಾಚೆ ಎಲ್ಲವೂ ಒಂದು ಮನೆ ಬಲಕ್ಕೆ ಸರಿದು ಹೆಣ್ಣುಮಕ್ಕಳ ಸಂಖ್ಯೆ ಲಕ್ಷ ರೂಪಾಯಿಗಳ ಮನೆಗೆ ಬಾಡಿಗೆಗೆ ಹೋಗಿದೆ. ಮತ್ತೊಬ್ಬರು ಅಂದ ಕಾಣಲೆಂದು ತಾಲ್ಲೂಕಿನ ಹೆಸರಿನ ಹತ್ತು ಕೋಶಗಳನ್ನು ಒಂದಾಗಿ ಮರ್ಜ್ ಮಾಡಿದ್ದಾರೆ. ನೋಡಲು ಮದುವೆ ಮಂಟಪದ ಹಾಗಿದೆ. ಫಿಲ್ಟರ್ ಹಾಕಿದರೆ ಆ ತಾಲ್ಲೂಕಿಗೆ ಮೊದಲನೇ ಸಾಲು ಮಾತ್ರ ಸಿಗುತ್ತದೆ, ಉಳಿದ ಒಂಬತ್ತು ಹೋಬಳಿ ಅನಾಥ.

ಇನ್ನೊಂದು ಕಡತದಲ್ಲಿ ‘ಶಿರಸಿ’ ಆದಮೇಲೆ ಕಣ್ಣಿಗೆ ಕಾಣದ ಒಂದು ಸ್ಪೇಸ್. ‘ವಿ-ಲುಕಪ್’ ಎಂಬ ಫಾರ್ಮುಲಾಗೆ ಅದು ಬೇರೆಯೇ ಊರು. ಹುಡುಕಿತು, ಸಿಗಲಿಲ್ಲ ಎಂದಿತು, ಅದನ್ನು ಮುಚ್ಚಲು ಹಾಕಿದ್ದ ‘ಇಫ್-ಎರರ್’ ಅಲ್ಲಿ ಸೊನ್ನೆ ಇಟ್ಟಿತು. ಹೆಬ್ಬೆರಳೊಂದು ಸ್ಪೇಸ್ ಬಾರ್ ಸವರಿದ್ದಕ್ಕೆ ಇಡೀ ತಾಲ್ಲೂಕು ಕೆಂಪು, ಸಂಜೆಯೊಳಗೆ ಕಾರಣ ಕೇಳಿ ನೋಟಿಸು. ‘ಟ್ರಿಮ್’ ಹಾಕಿದರೆ ಆ ಸ್ಪೇಸ್ ಹೋಗುತ್ತದೆ, ನಿಜ. ಆದರೆ ಹೆಸರನ್ನು ಪೋರ್ಟಲ್ಲಿನಿಂದ ಎತ್ತಿ ಅಂಟಿಸಿದ್ದರೆ ಅದು ಮಾಮೂಲಿ ಸ್ಪೇಸ್ ಅಲ್ಲ, 160ನೇ ನಂಬರಿನ ಜಿಗುಟು ಸ್ಪೇಸ್. ಟ್ರಿಮ್ಮಿಗೆ ಅದು ಜಗ್ಗುವುದಿಲ್ಲ, ‘ಸಬ್‌ಸ್ಟಿಟ್ಯೂಟ್’ ಹಾಕಿಯೇ ಕೀಳಬೇಕು. ಬ್ಯಾಂಕ್ ಖಾತೆಗಳದ್ದು ಬೇರೆ ಕಥೆ. ಎಕ್ಸೆಲ್ಲಿಗೆ 15 ಅಂಕಿಯವರೆಗೆ ಮಾತ್ರ ನೆನಪು. 16ನೇ ಅಂಕಿ ಯಾವುದಿದ್ದರೂ ಸೊನ್ನೆ ಮಾಡಿ ಕೈತೊಳೆದುಕೊಳ್ಳುತ್ತದೆ. ಅಂಟಿಸುವ ಮೊದಲೇ ಕಾಲಂ ಅನ್ನು ಟೆಕ್ಸ್ಟ್ ಮಾಡಬೇಕು. ಅಂಟಿಸಿದ ಮೇಲೆ ಮಾಡಿದರೆ, ಕಳೆದುಹೋದ ಅಂಕಿಯ ಜಾಗದಲ್ಲಿ ಕೂತ ಸೊನ್ನೆಗೆ ಟೆಕ್ಸ್ಟ್ ಎಂಬ ಬಿರುದು ಸಿಗುತ್ತದೆ, ಅಷ್ಟೇ. ನಮ್ಮವರೇ ಹೀಗೆ ಎಂದು ನಾಚಬೇಕಿಲ್ಲ. ಇಂಗ್ಲೆಂಡಿನ ಆರೋಗ್ಯ ಸಂಸ್ಥೆ 2020ರಲ್ಲಿ 65,536 ಸಾಲಿಗೆ ನಿಂತುಹೋಗುವ ಹಳೇ ಎಕ್ಸೆಲ್ ಕಡತಕ್ಕೆ ಕೊರೊನಾ ಫಲಿತಾಂಶ ಸುರಿದು 15,841 ಸೋಂಕಿತರನ್ನು ಕಳೆದುಕೊಂಡಿತ್ತು.

ಊರಿನ ಹೆಸರಿಗೆ ಬನ್ನಿ. 2014ರ ನವೆಂಬರ್ 1ರಂದು 12 ಊರುಗಳು ತಮ್ಮ ಕನ್ನಡದ ಹೆಸರು ಮರಳಿ ಪಡೆದವು. ಸಂತೋಷವೇ. ಬಿಜಾಪುರ ವಿಜಯಪುರವಾಯಿತು. ದೇವನಹಳ್ಳಿ ತಾಲ್ಲೂಕಿನಲ್ಲಿ ಆಗಲೇ ಒಂದು ವಿಜಯಪುರ ಇತ್ತು, ಅದು ಎಲ್ಲಿಗೆ ಹೋಗಬೇಕು? 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಒಡೆದು ಬಂತು. ಹಿಂದಿನ ವರ್ಷದ ಜೊತೆ ಹೋಲಿಸಿದ ಪಟ್ಟಿಯಲ್ಲಿ ಬಳ್ಳಾರಿಯ ಎಲ್ಲ ಸಾಧನೆಯೂ ಒಮ್ಮೆಲೇ ಕುಸಿದು ಕಾಣುತ್ತದೆ. ಯಾಕೆ ಕುಸಿಯಿತು ಎಂದು ಸಭೆಯಲ್ಲಿ ಗದರಿದರೆ, ಜಿಲ್ಲೆಯೇ ಕುಸಿಯಿತು ಸಾರ್, ಈಗ ಎರಡಾಗಿದೆ ಎನ್ನಬೇಕು. ಈ ರಗಳೆಗೆಂದೇ ಎಲ್‌ಜಿಡಿ ಕೋಡ್ ಇದೆ, ಪ್ರತಿ ಊರಿಗೂ ಪಂಚಾಯಿತಿಗೂ ಒಂದೊಂದು ಸಂಖ್ಯೆ. ಆ ಕಾಲಂ ಸೇರಿಸಿದರೆ ಮಾತ್ರ, ಹಾಳೆಯಲ್ಲಿ ಜಾಗ ಸಾಲದೆಂದು ಮೊದಲು ತೆಗೆಸುವುದು ಅದನ್ನೇ. ಇನ್ನು ಹಳೇ ನುಡಿ ಫಾಂಟಿನಲ್ಲಿ ಟೈಪಿಸಿ ಕಳಿಸಿದ ಪಟ್ಟಿಗಳು. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳಿಗೆ ಬಾಲ, ಕೊಂಬು, ಚುಕ್ಕೆ ಮೊಳೆತು ಕೂತಿರುತ್ತವೆ. ಅಕಾರಾದಿಗೆ ಜೋಡಿಸಿ ಎಂದರೆ ಆ ಬಾಲಗಳ ಪ್ರಕಾರ ಜೋಡಿಸುತ್ತದೆ. ಯೂನಿಕೋಡ್ ಬಳಸಿ ಎಂಬ ಸರ್ಕಾರಿ ಆದೇಶಕ್ಕೆ ಹತ್ತು ವರ್ಷ ಮೀರಿದೆ. ಆ ಆದೇಶವನ್ನೂ ನುಡಿಯಲ್ಲೇ ಟೈಪಿಸಿದ್ದರೋ ಏನೋ, ಬಹಳ ಕಚೇರಿಗಳಲ್ಲಿ ಅದು ಇನ್ನೂ ತೆರೆದುಕೊಂಡಂತಿಲ್ಲ.

ಇಷ್ಟೆಲ್ಲ ಕಾಲಂಗಳಿದ್ದರೂ ಹಾಳೆಯ ಮಹಾರಾಜ ಬಲತುದಿಯಲ್ಲಿ ಕೂತವನು: ಷರಾ. ಬೇರೆ ಕಡೆ ಸಂಖ್ಯೆ ಬೇಕು, ಇಲ್ಲಿ ಭಾಷೆ ಸಾಕು. ‘ಕ್ರಮ ಕೈಗೊಳ್ಳಲಾಗಿದೆ’, ‘ಸೂಚಿಸಲಾಗಿದೆ’, ‘ಪ್ರಸ್ತಾವನೆ ಸಲ್ಲಿಸಲಾಗಿದೆ’, ‘ಗಮನಕ್ಕೆ ತರಲಾಗಿದೆ’. ಈ ‘ಲಾಗಿದೆ’ಯ ಸೊಗಸನ್ನು ಗಮನಿಸಿ. ಕೆಲಸ ಆಗಿದೆ, ಮಾಡಿದವನಿಲ್ಲ. ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗದು ಎಂದು ಕನ್ನಡ ಮೇಷ್ಟ್ರುಗಳು ಹೇಳುತ್ತಲೇ ಬಂದರು. ಕಚೇರಿಯ ಜಾಯಮಾನಕ್ಕೆ ಅದು ಹೆಪ್ಪಿನಂತೆ ಒಗ್ಗಿತು. ಮನೆಯಲ್ಲಿ ಯಾರಾದರೂ ‘ಸಾರು ಮಾಡಲಾಗಿದೆ, ಉಪ್ಪಿನ ಬಗ್ಗೆ ಸಂಬಂಧಿಸಿದವರ ಗಮನಕ್ಕೆ ತರಲಾಗಿದೆ’ ಎಂದರೆ ಆ ದಿನ ಊಟ ಸಿಕ್ಕೀತೇ? ಷರಾದ ನಿಘಂಟನ್ನೂ ತಿಳಿದಿರಬೇಕು. ‘ಪ್ರಗತಿಯಲ್ಲಿದೆ’ ಎಂದರೆ ಶುರುವಾಗಿಲ್ಲ. ‘ಅಂತಿಮ ಹಂತದಲ್ಲಿದೆ’ ಎಂದರೆ ಗುದ್ದಲಿ ಪೂಜೆ ಆಗಿದೆ. ‘ಪೂರ್ಣಗೊಂಡಿದೆ’ ಎಂದರೆ ಬಿಲ್ ಪಾಸಾಗಿದೆ. ‘ನ್ಯಾಯಾಲಯದಲ್ಲಿದೆ’ ಎಂದರೆ ದಯವಿಟ್ಟು ಮತ್ತೆ ಕೇಳಬೇಡಿ. ಮಳೆಗಾಲದಲ್ಲಿ ‘ಅತಿವೃಷ್ಟಿಯಿಂದಾಗಿ’, ಬೇಸಿಗೆಯಲ್ಲಿ ‘ನೀರಿನ ಅಭಾವದಿಂದಾಗಿ’, ನಡುವೆ ಯಾವುದಾದರೂ ಚುನಾವಣೆ ಬಿದ್ದರೆ ‘ನೀತಿ ಸಂಹಿತೆಯಿಂದಾಗಿ’. ಹೀಗೆ ಕಳೆಯುತ್ತ ಹೋದರೆ ಕರ್ನಾಟಕದಲ್ಲಿ ಕೆಲಸ ಮಾಡಲು ಸೂಕ್ತವಾದ ತಿಂಗಳು ಮಾರ್ಚ್ ಒಂದೇ ಉಳಿಯುತ್ತದೆ. ಫೆಬ್ರವರಿಯವರೆಗೆ ತೆವಳುವ ಆರ್ಥಿಕ ಪ್ರಗತಿಗೆ 31ರ ರಾತ್ರಿ ರೆಕ್ಕೆ ಮೂಡುವುದೂ ಅದಕ್ಕೇ.

ಷರಾಕ್ಕಿಂತ ಒಂದು ಮನೆ ಎಡಕ್ಕಿರುವ ‘ಸಂಚಿತ ಸಾಧನೆ’, ಅಂದರೆ ತಿಂಗಳು ತಿಂಗಳೂ ಕೂಡುತ್ತ ಬಂದ ಮೊತ್ತ, ಮಾತ್ರ ತಮಾಷೆಯ ಕಾಲಂ ಅಲ್ಲ. ಜೂನ್ ತಿಂಗಳಿಗೆ 12 ಎಂದು ಹೊಡೆಯುವಾಗ ಕೈತಪ್ಪಿ 120 ಬಿತ್ತು ಎನ್ನಿ. ಜುಲೈನಲ್ಲಿ ಪ್ರಾಮಾಣಿಕವಾಗಿ ತಿದ್ದಿದರೆ ಒಟ್ಟು ಮೊತ್ತ ಇಳಿಯುತ್ತದೆ. ಸರ್ಕಾರದ ಪ್ರಗತಿ ಇಳಿಯುವ ಹಾಗಿಲ್ಲ. ಋಣ ಸಂಖ್ಯೆ ಹಾಕಿದರೆ ಪೋರ್ಟಲ್ ಉಗುಳುತ್ತದೆ. ಹಾಗಾಗಿ ಅನುಭವಸ್ಥರು ತಿದ್ದುವುದಿಲ್ಲ, ಕಾಯುತ್ತಾರೆ. ಜುಲೈನಿಂದ ಮಾರ್ಚ್‌ವರೆಗೆ ಒಂಬತ್ತು ತಿಂಗಳು, ಪ್ರತಿ ತಿಂಗಳೂ 12 ನಿಜಕ್ಕೂ ಆದರೂ ಸೊನ್ನೆ ಬರೆಯುತ್ತಾರೆ. ಒಂಬತ್ತು ಹನ್ನೆರಡಲ 108, ಮೊದಲಿನ 12 ಸೇರಿ 120. ವರ್ಷದ ಲೆಕ್ಕ ಕಾಸಿಗೆ ಕಾಸು ಕೂಡಿತು. ಒಂದು ತಿಂಗಳ ತಪ್ಪನ್ನು ಸರಿಮಾಡಲು ಒಂಬತ್ತು ತಿಂಗಳ ಸುಳ್ಳು, ಜೊತೆಗೆ ‘ಸತತ ಶೂನ್ಯ ಪ್ರಗತಿ ಏಕೆ’ ಎಂಬ ನೋಟಿಸುಗಳಿಗೆ ಉತ್ತರ. ಅಲ್ಲಿಗೆ ಷರಾ ಇದ್ದೇ ಇದೆ.

ಗುರಿ ಎಂಬುದು ಎಲ್ಲಿಂದ ಬರುತ್ತದೆ? 2011ರ ಜನಗಣತಿಯಿಂದ. ಆಗ ರಾಜ್ಯದಲ್ಲಿ ಎಣಿಸಿದ ತಲೆಗಳು 6,10,95,297. ಬೆಂಗಳೂರಿನ ಅಂಚಿನಲ್ಲಿ ಆಗ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಹದಿನೆಂಟು ಅಂತಸ್ತು. ಅಲ್ಲಿನ ಮಕ್ಕಳಿಗೆ ಲಸಿಕೆ ಹಾಕಿದರೆ ಸಾಧನೆ ನೂರು ದಾಟುತ್ತದೆ, ಹೂಗುಚ್ಛ ಸಿಗುತ್ತದೆ. ಜನ ಗುಳೆ ಹೋಗಿ ಖಾಲಿಯಾದ ಹಳ್ಳಿಯ ನರ್ಸ್ ಇದ್ದಬದ್ದ ಕೂಸಿಗೆಲ್ಲ ಹಾಕಿದರೂ ನೂರು ಮುಟ್ಟುವುದಿಲ್ಲ, ಅವಳಿಗೆ ನೋಟಿಸು. ಇಬ್ಬರ ತಪ್ಪೂ ಅಲ್ಲ, ಭಾಜಕಕ್ಕೆ ವಯಸ್ಸಾಗಿದೆ. 1881ರಿಂದ ಹತ್ತು ವರ್ಷಕ್ಕೊಮ್ಮೆ ಬಿಡದೆ, 1941ರಲ್ಲಿ ಜಗತ್ತೇ ಯುದ್ಧದಲ್ಲಿದ್ದಾಗಲೂ ನಡೆದ ಎಣಿಕೆ 2021ರಲ್ಲಿ ತಪ್ಪಿತು. ಈಗ 2027ರ ಮಾರ್ಚ್ 1 ಎಂದು ದಿನ ಗೊತ್ತಾಗಿದೆ. ಮೇಲಿನಿಂದ, ಅಂದರೆ ದಿಲ್ಲಿಯಿಂದ, ಕಲಿಯುವುದು ಬಹಳವಿದೆ. 2017-18ರ ಗ್ರಾಹಕ ವೆಚ್ಚ ಸಮೀಕ್ಷೆ ‘ಗುಣಮಟ್ಟ ಸರಿಯಿಲ್ಲ’ ಎಂದು 2019ರ ನವೆಂಬರಿನಲ್ಲಿ ಮೂಲೆಗೆ ಹೋಯಿತು. ನಿರುದ್ಯೋಗ ಶೇ. 6.1 ಎಂದ ವರದಿಯನ್ನು ಹಿಡಿದಿಟ್ಟದ್ದಕ್ಕೆ ಅದೇ ವರ್ಷದ ಜನವರಿಯಲ್ಲಿ ಸಾಂಖ್ಯಿಕ ಆಯೋಗದ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟರು. ವರದಿ ಹೊರಬಂದದ್ದು ಲೋಕಸಭಾ ಚುನಾವಣೆ ಮುಗಿದ ಮೇಲೆ. ತಾಲ್ಲೂಕಿನ ಡೇಟಾ ಎಂಟ್ರಿ ಆಪರೇಟರಿಗೆ ಇಷ್ಟು ಸೌಕರ್ಯವಿಲ್ಲ. ಅವನು ತನ್ನ ಸಂಖ್ಯೆಯನ್ನು ನಾಲ್ಕು ಗಂಟೆಯೊಳಗೇ ಕಳಿಸಬೇಕು, ಶೂನ್ಯವಿದ್ದರೆ ‘ಶೂನ್ಯ ವರದಿ’ಯನ್ನಾದರೂ.

ಆಮೇಲೆ ರ್‍ಯಾಂಕ್ ಪಟ್ಟಿ. ಮೇಲಿನ ಮೂವರು ಹಸಿರು, ಕೆಳಗಿನ ಮೂವರು ಕೆಂಪು. ಎಲ್ಲ ಜಿಲ್ಲೆಗಳೂ ಶೇ. 99 ಮಾಡಿದರೂ ಯಾರೋ ಒಬ್ಬರು 31ನೆಯವರಾಗಲೇಬೇಕು, ಬೈಸಿಕೊಳ್ಳಲೇಬೇಕು. ಮುಂದಿನ ತಿಂಗಳು ಅವರು ಮೇಲೇರಿರುತ್ತಾರೆ. ಹೇಗೆ ಏರಿದಿರಿ ಎಂದು ಯಾರೂ ಕೇಳುವುದಿಲ್ಲ. ಇಳಿದವರನ್ನು ಕೇಳಲು ಮಾತ್ರ ಸಭೆ.

ನಕ್ಕದ್ದು ಸಾಕು. ಆ ಫೋಟೊದ ಸಂಗತಿಗೇ ಬರೋಣ. ಕೆರೆ ಹೂಳೆತ್ತುವ ಹೆಂಗಸು ಬೆಳಿಗ್ಗೆ ಒಂದು ಫೋಟೊಕ್ಕೆ ನಿಲ್ಲಬೇಕು, ನಾಲ್ಕು ಗಂಟೆ ಬಿಟ್ಟು ಇನ್ನೊಂದಕ್ಕೆ. ಬೇಗ ಬಂದು ತನ್ನ ಅಳತೆಯ ಮಣ್ಣು ತೆಗೆದು ಮುಗಿಸಿದ್ದರೂ ಬಿಸಿಲಿನಲ್ಲಿ ಕಾಯಬೇಕು, ಇಲ್ಲವೇ ಮನೆಗೆ ಹೋಗಿ ಮತ್ತೆ ಬರಬೇಕು. ಹಾಜರಿ ಹಿಡಿಯುವ ಮೇಟ್ ಎಂಬಾಕೆ, ಅವಳೂ ಅದೇ ಊರಿನವಳು, ತನ್ನದೇ ಫೋನು ತನ್ನದೇ ಡೇಟಾ ಹಿಡಿದು ಸಿಗ್ನಲ್ಲಿಗಾಗಿ ದಿಬ್ಬ ಹತ್ತುತ್ತಾಳೆ. ಚಕ್ರ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಫೋಟೊ ಏರಲಿಲ್ಲವೋ, ಆ ದಿನದ ಕೂಲಿಗೆ (2025-26ರಲ್ಲಿ 370 ರೂಪಾಯಿ) ಕುತ್ತು. ತೆಗೆದ ಮಣ್ಣು ಕಣ್ಣೆದುರೇ ರಾಶಿ ಬಿದ್ದಿದೆ. ಅಳೆದು ನೋಡಿ, ಕೂಲಿ ಕೊಡಿ, ಅಷ್ಟೇ ತಾನೆ? ಅಲ್ಲ, ಮಣ್ಣು ಸಾಕ್ಷಿಯಲ್ಲ, ಫೋಟೊ ಸಾಕ್ಷಿ. ಕಳ್ಳನಿಗೆ ಹಳೇ ಫೋಟೊದ ಫೋಟೊ ತೆಗೆಯುವ ದಾರಿ ಗೊತ್ತಿದೆ, ಅವನ ಹಾಜರಿ ಯಾವತ್ತೂ ತಪ್ಪುವುದಿಲ್ಲ. ತಪ್ಪುವುದು ದುಡಿದವಳದ್ದು. ‘ಕೆಲಸ ಮಾಡಿದರು, ಫೋಟೊ ಏರಲಿಲ್ಲ, ಕೂಲಿ ಹೋಯಿತು’ ಎಂಬ ಕಾಲಂ ಆ 32ರಲ್ಲಿ ಒಂದೂ ಇಲ್ಲ. ಆದ್ದರಿಂದ ವರದಿಯ ಪ್ರಕಾರ ಅಂಥವರು ಯಾರೂ ಇಲ್ಲ.

2025ರ ಡಿಸೆಂಬರಿನಲ್ಲಿ ಸಂಸತ್ತು ಹಳೇ ನರೇಗಾ ಕಾಯ್ದೆಯ ಜಾಗಕ್ಕೆ ಹೊಸದನ್ನು ತಂದಿತು. ವರ್ಷಕ್ಕೆ 100 ದಿನದ ಕೆಲಸ ಇದ್ದದ್ದು 125 ಆಯಿತು, ಗಾಂಧಿಯ ಹೆಸರು ಹೋಯಿತು. ಚರ್ಚೆ, ಧರಣಿ, ಸಭಾತ್ಯಾಗ ಎಲ್ಲ ನೀವು ನೋಡಿದ್ದೀರಿ. ಹಿರಿಯ ದತ್ತಾಂಶ ವರದಿ ವಿಶ್ಲೇಷಕರ ಪಾಲಿಗೆ ಅದು ಎ1 ಕೋಶದ ಶೀರ್ಷಿಕೆ ಬದಲಿಸುವ ಕೆಲಸ. ಹೊಸ ಹೆಸರು ಉದ್ದ, ಒಂದು ಕೋಶದಲ್ಲಿ ಹಿಡಿಸುವುದಿಲ್ಲ. ಎ1ರಿಂದ ಕೊನೆಯ ಕಾಲಂವರೆಗೆ ಮರ್ಜ್ ಮಾಡಲಾಗಿದೆ.